ಡ್ರಮ್ಮಿನೊಳಗಿನ ಕೆಂಪು

ಎಮ್ಮೆಯ ಗಂಜಲದ ವಾಸನೆಯನ್ನು ವಿಜ್ಞಾನದಿಂದ ಓಡಿಸುವುದು ಅಷ್ಟೇನೂ ಕಷ್ಟವಲ್ಲ. ಹೋದ ಬೇಸಿಗೆಯವರೆಗೆ ನಾನು ಹಾಗೆ ನಂಬಿದ್ದೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ನಂಬಲು ಇಷ್ಟು ಸಾಕು!

ರಬಕವಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಈರಪ್ಪ ಕಾಕಾ ಸೀರೆ ನೇಯುವವರು. ನೂಲಿಗೆ ಬಣ್ಣ ಹಾಕುವುದೂ ಮನೆಯಲ್ಲೇ. ಅವರ ಮಗಳನ್ನು ನೋಡಲು ಮುಧೋಳದಿಂದ ಗಂಡಿನವರು ಬರುವವರಿದ್ದರು. ಕಾಕಾ ಮೂಗು ಮುಚ್ಚಿಕೊಂಡೇ ನಮ್ಮ ಬಾಗಿಲಿಗೆ ಬಂದರು.

"ಬಸೂ, ಬೀಗರು ಬರೂದ್ರಾಗ ಈ ನಾತ ಹೋಗಬೇಕಪಾ. ಇಲ್ಲಾಂದ್ರ ಎಮ್ಮಿ ಹೋಗಬೇಕು."

ನಮ್ಮ ಹಿತ್ತಲಲ್ಲಿ ಕಟ್ಟಿದ್ದ ಆ ಎಮ್ಮೆ ನನ್ನ ಹೆಂಡತಿ ಶಾಂತಾಳ ತವರಿನದು, ಗಲಗಲಿಯದು. ಅದು ಹೋದರೆ ಹಿಂದೆಯೇ ಆಕೆಯೂ ಹೋಗುವ ಸಂಭವವಿತ್ತು.

"ಚಿಂತಿ ಬಿಡ್ರಿ ಕಾಕಾ. ಇದು ಅಮೋನಿಯಾದ ನಾತ. ಆಕ್ಸಿಜನ್ ಇಲ್ದ ಬದುಕೋ ಒಂದು ಜಾತಿ ಬ್ಯಾಕ್ಟೀರಿಯಾ ಐತಿ. ಗಂಜಲದಾಗಿನ ಅಮೋನಿಯಂನ ನೈಟ್ರೈಟ್ ಜೋಡಿ ಕೂಡಿಸಿ ನೈಟ್ರೋಜನ್ ಮಾಡ್ತೈತಿ. ನಾವು ಉಸಿರಾಡೋ ಗಾಳ್ಯಾಗ ಅದ ತುಂಬೈತಿ. ನಾತನ ಇಲ್ಲ!"

"ಅದಕ್ಕೇನು ಕೂಲಿ ಕೊಡಬೇಕೇನು?" ಎಂದರು ಕಾಕಾ.

ಅವರ ಹಿತ್ತಲಲ್ಲಿ ಬಿದ್ದಿದ್ದ ಮುಚ್ಚಳದ ಡ್ರಮ್ಮನ್ನೇ ಕೇಳಿ ತಂದೆ. ತೊಳೆದೆನೆಂದು ನನ್ನ ನೆನಪು. ತೊಳೆಯಲಿಲ್ಲವೆಂದು ಶಾಂತಾಳ ನೆನಪು. ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ. ಆಕೆಯದರ ಮೇಲೆ ಓಣಿಗೆಲ್ಲ ಭರವಸೆ.

ಅರ್ಧ ಗಂಜಲವನ್ನು ಅಗಲ ಬೋಗುಣಿಯಲ್ಲಿ ಗಾಳಿಗಿಟ್ಟೆ, ನೈಟ್ರೈಟ್ ಆಗಲೆಂದು. ನಂತರ ಎಲ್ಲವನ್ನೂ ಡ್ರಮ್ಮಿಗೆ ಸುರಿದು, ಭಾವಮೈದುನ ಗಲಗಲಿಯ ಹೊಳೆದಂಡೆಯಿಂದ ತಂದ ಕೆಸರನ್ನು ಬೀಜವಾಗಿ ಹಾಕಿ ಬಿಗಿಯಾಗಿ ಮುಚ್ಚಿದೆ. ಈ ಬ್ಯಾಕ್ಟೀರಿಯಾ ಬೆಳೆಯುವುದು ಬಹಳ ನಿಧಾನ. ಬೆಳೆದು ತುಂಬಿದರೆ ಬಣ್ಣ ಕೆಂಪು. ಗಾಳಿ ತಾಗಿದರೆ ಕೆಲಸ ಬಂದ್! ಇದನ್ನು ಶಾಂತಾಳಿಗೆ ವಿವರಿಸುತ್ತಲೇ ಮುಚ್ಚಳ ತೆರೆದು ನೋಡಿದೆ. ಸಂಜೆ ಮತ್ತೆ ನೋಡಿದೆ.

"ಗಾಳಿ ತಾಗಬಾರ್ದು ಅಂತೀರಿ, ಹೊತ್ತಿಗೊಮ್ಮೆ ತೆಗೀತೀರಿ!"

"ಗಾಳಿ ತಾಗೈತೇನು ಅಂತ ನೋಡಾಕತ್ತೇನಿ."

ಕೆಲವೇ ದಿನಗಳಲ್ಲಿ ನೀರು ಕೆಂಪಾಯಿತು. ಕಡುಗೆಂಪು! ತಿಂಗಳುಗಟ್ಟಲೆ ಹಿಡಿಯಬೇಕಾದ ಕೆಲಸ ವಾರದೊಳಗೆ ಆಗಿತ್ತು. ಓದಿದವನು ಇಲ್ಲಿ ಅನುಮಾನಪಡಬೇಕು. ನಾನು ಪೇಢೆ ಹಂಚಿದೆ.

"ನಾತ ಹಂಗ ಐತಲ್ಲೋ?" ಎಂದರು ಕಾಕಾ, ಪೇಢೆ ತಿನ್ನುತ್ತ.

"ಅದು ಹಳೇ ನಾತ ಕಾಕಾ. ಹೊಸಾದು ಬರೂದಿಲ್ಲ."

ಅಂದಿನಿಂದ ಮುಚ್ಚಳದ ಮೇಲೆ ಕಲ್ಲು ಹೇರಿ, ಬೀಗರು ಬರುವ ದಿನದವರೆಗೆ ಮುಟ್ಟಲಿಲ್ಲ. ಆ ದಿನ ಅವರ ಜೀಪು ಓಣಿಗೆ ಬರುತ್ತಿದ್ದಂತೆ, ಕಾಕಾರನ್ನು ಕರೆದು, ವಿಜ್ಞಾನದ ವಿಜಯವನ್ನು ತೋರಿಸಲೆಂದು ಕಲ್ಲು ಎತ್ತಿದೆ.

ಒಳಗೆ ಕೆಸರು ಕೊಳೆತು ಗ್ಯಾಸ್ ತುಂಬಿಕೊಂಡಿತ್ತು. ಮುಚ್ಚಳ ಹಾರಿತು! ಕೆಂಪು ನೀರು ನನ್ನ ಬಿಳಿ ಅಂಗಿಯ ಮೇಲೆ. ವಾಸನೆ ಇಡೀ ಓಣಿಯ ಮೇಲೆ. ಎಮ್ಮೆ ಮುಖ ತಿರುಗಿಸಿತು.

ಶಾಂತಾ ನನ್ನ ತೋಳನ್ನು ತಿಕ್ಕಿ ನೋಡಿದಳು. "ಇದು ಬ್ಯಾಕ್ಟೀರಿಯಾ ಅಲ್ರಿ, ನೂಲಿನ ಬಣ್ಣ! ಕಾಕಾರು ಬಣ್ಣ ಕಲಸೂ ಡ್ರಮ್ಮು ಇದು, ಒಳಗ ಒಣಗಿದ್ದ ಬಣ್ಣ ನೆನದು ಬಿಟ್ಟೈತಿ. ತೊಳೀರಿ ಅಂದಿದ್ದೆ."

"ತೊಳ್ದಿದ್ದೆ."

"ಹೊರಗ ತೊಳ್ದಿದ್ರಿ!"

ಅದು ನನಗೂ ನೆನಪಾಯಿತು.

ಹೆಣ್ಣು ನೋಡಲು ಬಂದವರು ಅಡುಗೆ, ಓದು, ಸೋದರಮಾವಂದಿರ ಸಂಖ್ಯೆ ಎಂದು ಇಡೀ ಮಧ್ಯಾಹ್ನ ಕೂರುವುದು ನಮ್ಮ ಕಡೆಯ ರೂಢಿ. ಅಂದು ಮಾತ್ರ ಅವರು ಮೂಗಿಗೆ ಟವೆಲು ಹಿಡಿದು, "ಹುಡುಗಿ ಪಸಂದ ಐತ್ರಿ!" ಎಂದವರೇ ಚಹಾ ಬಿಟ್ಟು ಜೀಪು ಹತ್ತಿದರು.

ಸಂಜೆ ಕಾಕಾ ಬಂದರು. ಶಾಂತಾ ಎಮ್ಮೆಯ ಕೊರಳು ತಬ್ಬಿ ನಿಂತಿದ್ದಳು.

"ಎಮ್ಮಿ ಇರ್ಲಿ ಬಿಡವಾ. ಇವತ್ತಿನ ನಾತದ ಮುಂದ ಅದರದು ಅತ್ತರ," ಎಂದು, ಕಾಕಾ ನನ್ನ ಕಡೆ ತಿರುಗಿದರು. "ಬಸೂ, ಮದಿವಿ ಮುಗಿಯೂತನಾ ನೀ ಮಾತ್ರ ಜರಾ ಊರಾಗ ಇರಬ್ಯಾಡಪಾ."

ಎಮ್ಮೆ ಉಳಿಯಿತು. ಅದರ ತವರಿಗೆ ನಾನು ಹೋದೆ!