ಎಂಬತ್ತು ಡಿಗ್ರಿ ಆಗುವ ತನಕ

ಜೋರಾಗಿ ಹೋಗುವವರಿಗೆ ಅಪಘಾತ ಆಗುತ್ತದೆ, ನಿಧಾನ ಹೋಗುವವರಿಗೆ ಅವಮಾನ ಆಗುತ್ತದೆ. ಎರಡನೆಯದು ನನಗೆ ವಾರಕ್ಕೊಮ್ಮೆಯಾದರೂ ಆಗುತ್ತಲೇ ಇರುತ್ತದೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಬರೆದಿದ್ದೇನೆ. ನಾನು ಇದುವರೆಗೆ ಬರೆದದ್ದೆಂದರೆ ಬಸ್ಸಿನ ಟ್ರಿಪ್ ಶೀಟ್ ಮಾತ್ರ. ಆದ್ದರಿಂದ ಏನೂ ಬಿಟ್ಟುಹೋಗಬಾರದೆಂದು ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ನಾನು ಹದಿನಾರು ವರ್ಷ ಉಡುಪಿ–ಕಾರ್ಕಳ ರೂಟಿನಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಆಗಿದ್ದೆ. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಟೈಮಿಂಗ್ ಎಂದರೆ ದೇವರು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಸ್ಟ್ಯಾಂಡಿನಲ್ಲೇ ಜಗಳಕ್ಕೆ ಬರುತ್ತಾನೆ. ಸ್ಟಾರ್ಟ್ ಮಾಡು, ತುಳಿ. ಇಷ್ಟೇ ನನ್ನ ವಿದ್ಯೆ. ಆಮೇಲೆ ಬೆನ್ನು ನೋವು ಬಂತು. ಬಸ್ಸಿನ ಕೆಲಸ ಬಿಡಬೇಕು ಎಂದು ಡಾಕ್ಟರು ಹೇಳಿದರು. ಬಸ್ಸು ಬಿಟ್ಟರೆ ನನಗೆ ಬೇರೆ ಎಂತದೂ ಬರುವುದಿಲ್ಲ. ಆಗ ಸಿಕ್ಕಿದ್ದು ಕಾಪುವಿನ ಈ ಕೆಲಸ. ಯಜಮಾನರು ದುಬೈಯಲ್ಲಿ, ಅವರ ಸ್ಪೋರ್ಟ್ಸ್ ಕಾರು ಊರಿನ ಮನೆಯಲ್ಲಿ. ಅದನ್ನು ತೊಳೆದು, ಒರೆಸಿ, ವಾರಕ್ಕೆ ಎರಡು ಸಲ ಓಡಿಸಿ ಇಡಬೇಕು.

ಷರತ್ತು ಒಂದೇ. ಎಂಜಿನ್ ಆಯಿಲ್ ಎಂಬತ್ತು ಡಿಗ್ರಿ ಬಿಸಿ ಆಗುವ ತನಕ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಮೀಟರಿನ ಮುಳ್ಳು ಮೂರು ಸಾವಿರ ದಾಟಬಾರದು, ಅಂದರೆ ಗಂಟೆಗೆ ಹೆಚ್ಚೆಂದರೆ ನಲವತ್ತು ಕಿಲೋಮೀಟರ್. ಯಾಕೆಂದರೆ ತಣ್ಣಗಿರುವ ಆಯಿಲ್ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿರುವ ತೆಂಗಿನೆಣ್ಣೆಯ ಹಾಗೆ, ಎಲ್ಲ ಮೂಲೆಗೂ ಹೋಗುವುದಿಲ್ಲ. ಆಗ ತುಳಿದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಸವೆಯುತ್ತದೆ. ನಿಲ್ಲಿಸಿಕೊಂಡು ಬಿಸಿ ಮಾಡುವುದೂ ಒಳ್ಳೆಯದಲ್ಲವಂತೆ, ಮೆಲ್ಲ ಓಡಿಸಿಯೇ ಬಿಸಿ ಮಾಡಬೇಕು. ಹತ್ತು ಹನ್ನೆರಡು ನಿಮಿಷ ಬೇಕು. ನಿಯಮ ತಪ್ಪಿದರೆ ಕಾರು ಮೂರು ಸಲ ಬೀಪ್ ಎನ್ನುತ್ತದೆ ಮತ್ತು ದುಬೈಯಲ್ಲಿ ಗಂಡ ಹೆಂಡತಿ ಇಬ್ಬರ ಮೊಬೈಲಿಗೂ ಮೆಸೇಜ್ ಹೋಗುತ್ತದೆ. ನನಗಿಂತ ಮೊದಲು ಇದ್ದವನು ಒಂದೇ ಒಂದು ಸಲ ತುಳಿದನಂತೆ. ಗೇಟು ತಲುಪುವ ಮೊದಲೇ ಫೋನ್ ಬಂತಂತೆ: "ಕೀ ವಾಚ್‌ಮನ್ ಹತ್ತಿರ ಕೊಟ್ಟು ಹೋಗಿ."

ಮೀನಿನ ಸ್ಕೂಟರ್

ಮೊದಲನೆಯ ದಿನ. ಅಂಗಿ ಪೂರ್ತಿ ಒದ್ದೆ, ಎ.ಸಿ. ಹಾಕಿದ್ದರೂ. ಕಾರು ಎಷ್ಟು ತಗ್ಗು ಎಂದರೆ ಕುಳಿತರೆ ಎದುರಿನ ನಾಯಿ ನನಗಿಂತ ಎತ್ತರ ಕಾಣುತ್ತದೆ. ಕಣ್ಣು ರಸ್ತೆಗೆ ಒಮ್ಮೆ, ಮುಳ್ಳಿಗೆ ಒಮ್ಮೆ, ಆಯಿಲ್ ಡಿಗ್ರಿಗೆ ಒಮ್ಮೆ. ಮೂವತ್ತೆರಡು. ಮೂವತ್ತಮೂರು.

ಹಿಂದಿನಿಂದ ಒಂದು ಸ್ಕೂಟರ್ ಬಂತು. ಮೀನು ಮಾರುವ ಅಕ್ಕ, ಹಿಂದೆ ದೊಡ್ಡ ಡಬ್ಬ. ಅವರು ನನ್ನನ್ನು ದಾಟಿ ಹೋದರು, ಒಂದು ಮನೆಯ ಎದುರು ನಿಲ್ಲಿಸಿದರು, ಬಂಗುಡೆ ತೂಗಿ ಕೊಟ್ಟರು, ಚೌಕಾಸಿ ಮುಗಿಸಿದರು. ಅಷ್ಟರಲ್ಲಿ ನಾನು ಅವರನ್ನು ದಾಟಿದೆ. ಪುನಃ ಅವರು ನನ್ನನ್ನು ದಾಟಿದರು. ಹೀಗೆ ಮೂರು ಮನೆ ಆಯಿತು. ನಾಲ್ಕನೆಯ ಮನೆಯ ಹತ್ತಿರ ಅವರಿಗೆ ತಡೆಯಲಾಗಲಿಲ್ಲ. ಬಗ್ಗಿ ಕಿಟಕಿ ಬಡಿದರು.

"ಎಂತ ಅಣ್ಣ, ಕೆಟ್ಟಿತಾ?"

"ಇಲ್ಲ ಅಕ್ಕ. ಇದು ಮುನ್ನೂರರಲ್ಲಿ ಹೋಗುವ ಗಾಡಿ. ಬಿಸಿ ಆಗ್ತಾ ಉಂಟು."

ಅಕ್ಕ ನನ್ನನ್ನು, ಕಾರನ್ನು, ಪುನಃ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ಕರುಣೆ ಇತ್ತು.

"ನನ್ನ ಹತ್ತಿರ ಹಗ್ಗ ಉಂಟು. ಸ್ಕೂಟರಿಗೆ ಕಟ್ಟಿ ಎಳೆಯುವುದಾ?"

ಹಳೆಯ ಬಸ್ಸು

ಕಾರ್ಕಳದಲ್ಲಿ ಯಜಮಾನರ ತಂಗಿಯ ಮನೆ ಉಂಟು. ಕಾರನ್ನು ಒಮ್ಮೆ ಅವರಿಗೆ ತೋರಿಸಿ ಬರಲು ಹೇಳಿದ್ದರು. ನಾನು ಉಡುಪಿಯಲ್ಲಿ ಟಯರಿನ ಗಾಳಿ ನೋಡಿಸಲು ನಿಂತೆ, ಊಟವನ್ನೂ ಮುಗಿಸಿದೆ. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಅಂದರೆ ಪುನಃ ಮೊದಲಿನಿಂದ ಬಿಸಿ ಮಾಡಬೇಕು. ಹೊರಟೆ.

ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಹಿಂದಿನಿಂದ ಹಾರ್ನ್ ಕೇಳಿತು. ಆ ಹಾರ್ನನ್ನು ನಾನೇ ಹಾಕಿಸಿದ್ದು. ನನ್ನ ಹಳೆಯ ಬಸ್ಸು!

ಹದಿನಾರು ವರ್ಷ ಈ ಏರಿನಲ್ಲಿ ನನ್ನನ್ನು ಒಬ್ಬರೂ ಓವರ್‌ಟೇಕ್ ಮಾಡಿದ್ದಿಲ್ಲ. ಬೇರೆ ಡ್ರೈವರುಗಳ ಹತ್ತಿರ ಕೇಳಿ ನೋಡಬಹುದು. ಬಲಗಾಲು ತಾನಾಗಿಯೇ ಒತ್ತಲು ಹೊರಟಿತು. ಸ್ವಲ್ಪ ತುಳಿದರೆ ಬಸ್ಸು ಕನ್ನಡಿಯಲ್ಲಿ ಇರುವೆಯಷ್ಟು ಆಗುತ್ತದೆ. ಆಯಿಲ್ ನೋಡಿದೆ, ಐವತ್ತೆಂಟು. ಮುಳ್ಳು ಎರಡು ಸಾವಿರದ ಒಂಬೈನೂರು. ಬಸ್ಸು ಪಕ್ಕಕ್ಕೆ ಬಂತು. ಮನೆಯಲ್ಲಿ ಹೆಂಡತಿ ಉಂಟು, ಬೆನ್ನು ನೋವು ಉಂಟು, ಈ ಕೆಲಸ ಹೋದರೆ ಮತ್ತೆ ಎಂತ ಉಂಟು? ಇದನ್ನೇ ಜಪದ ಹಾಗೆ ಹೇಳಿಕೊಂಡೆ.

ಬಸ್ಸಿನ ಕಂಡಕ್ಟರ್ ನನ್ನ ಜೊತೆ ಒಂಬತ್ತು ವರ್ಷ ಇದ್ದವನು. ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಕೆಳಗೆ ನೋಡಿದ, ಗುರುತು ಹಿಡಿದ, ಬಾಯಿ ತೆರೆದೇ ಉಳಿಯಿತು. ಮತ್ತೆ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ:

"ಮಾರಾಯ್ರೇ, ಕಾರ್ಕಳಕ್ಕಾ? ಅದನ್ನು ಬದಿಗೆ ಇಟ್ಟು ಬನ್ನಿ, ಹಿಂದೆ ಒಂದು ಸೀಟ್ ಉಂಟು!"

ನೋವು

ಒಂದು ಬೆಳಿಗ್ಗೆ ಕಾರು ಒರೆಸುತ್ತಿದ್ದೆ. ಪಕ್ಕದ ಮನೆಯ ಹುಡುಗಿಗೆ ಹೆರಿಗೆ ನೋವು ಶುರುವಾಯಿತು. ಅವಳ ಗಂಡ ಓಡಿ ಬಂದ. ಕರೆದ ಗಾಡಿ ಬರಲು ಅರ್ಧ ಗಂಟೆ ಆಗುತ್ತದೆ, ಮಣಿಪಾಲದ ಆಸ್ಪತ್ರೆಗೆ ಬಿಡಿ ಎಂದು ಕೈ ಹಿಡಿದುಕೊಂಡ. ಇಲ್ಲ ಎನ್ನಲು ಆಗುತ್ತದಾ? ಆದರೆ ಕಾರಿನಲ್ಲಿ ಇರುವುದು ಎರಡೇ ಸೀಟು. ಆದ್ದರಿಂದ ಹುಡುಗಿ ನನ್ನ ಪಕ್ಕದಲ್ಲಿ, ಗಂಡ ತನ್ನ ಸ್ಕೂಟರಿನಲ್ಲಿ.

ಹೆದ್ದಾರಿಗೆ ಬಂದೆವು. ಆಯಿಲ್ ನಲವತ್ತು. ಹುಡುಗಿ ಕಣ್ಣು ಮುಚ್ಚಿ ಬಾಗಿಲಿನ ಹಿಡಿಯನ್ನು ಹಿಚುಕುತ್ತಿದ್ದಳು. ಗಂಡ ಮುಂದೆ ಹೋಗಿ ಹೋಗಿ ಕಾಣದಾದ. ನಾನು ತುಳಿದರೆ ಕೆಲಸ ಹೋಗುತ್ತದೆ, ತುಳಿಯದಿದ್ದರೆ ಏನಾಗುತ್ತದೋ. ಕಟಪಾಡಿ ಹತ್ತಿರ ನಿರ್ಧಾರ ಮಾಡಿಯೇ ಬಿಟ್ಟೆ. ಹೋದರೆ ಹೋಗಲಿ ಕೆಲಸ. ಕಾಲು ಇಡುವಾಗ ನೋಡುತ್ತೇನೆ, ಎಂಬತ್ತು! ದೇವರೇ ಎಂದು ಒತ್ತಿದೆ. ಕಾರು ಗುಡುಗಿತು.

"ಅಣ್ಣಾ!" ಹುಡುಗಿ ಚೀರಿದಳು. "ನಿಧಾನ! ಎಂತ ಕುಲುಕಾಟ ಇದು! ಜೀವ ಹೋಗ್ತದೆ!"

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇಂಥ ಕಾರುಗಳ ಸ್ಪ್ರಿಂಗ್ ಕಲ್ಲಿನ ಹಾಗೆ ಗಟ್ಟಿ, ಜೋರು ಹೋದರೆ ಸಣ್ಣ ಹೊಂಡವೂ ನೇರ ಬೆನ್ನಿಗೆ ಬರುತ್ತದೆ. ಹಾಗಾಗಿ ಎಂಜಿನ್ ಒಪ್ಪಿದರೂ ಹುಡುಗಿ ಒಪ್ಪಲಿಲ್ಲ. ಅಷ್ಟರವರೆಗೆ ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಬಂದವನು ಮುಂದೆ ಮೂವತ್ತರಲ್ಲಿ ಹೋದೆ. ಆಸ್ಪತ್ರೆಯ ಬಾಗಿಲಲ್ಲಿ ಗಂಡ ಗಾಲಿ ಕುರ್ಚಿ ಹಿಡಿದುಕೊಂಡು ನಿಂತಿದ್ದ. ಎಲ್ಲ ಸುಸೂತ್ರ ಆಯಿತು, ಹೆಣ್ಣು ಮಗು, ತಾಯಿಯೂ ಆರಾಮ. ನಾನು ಕ್ಷಮೆ ಕೇಳಿದೆ, ಸ್ವಲ್ಪ ತಡವಾಯಿತು ಎಂದು.

"ಇಲ್ಲ ಅಣ್ಣ, ಉಪಕಾರ ಆಯಿತು," ಎಂದು ಕೈ ಮುಗಿದ. "ಆದರೆ ಇನ್ನು ಸ್ವಲ್ಪ ತಡ ಆಗಿದ್ದರೆ ಮಗುವೇ ನಡೆದುಕೊಂಡು ಬರ್ತಿತ್ತು."

ಹೊಸ ಡ್ರೈವರ್

ಕಳೆದ ತಿಂಗಳು ಯಜಮಾನರು ಒಬ್ಬರೇ ಊರಿಗೆ ಬಂದರು. ಬೆಳಿಗ್ಗೆ ವಿಮಾನ ಇಳಿದು ಮನೆಗೆ ಬಂದವರು ಹೆಂಡತಿಗೆ ಫೋನ್ ಮಾಡಿ, "ನಿದ್ದೆ ಬರ್ತಾ ಉಂಟು, ಮಧ್ಯಾಹ್ನದ ತನಕ ಮಲಗ್ತೇನೆ," ಎಂದರು. ಫೋನ್ ಇಟ್ಟು, ಬೂಟು ಹಾಕಿ, ನನ್ನ ಹತ್ತಿರ ಕೀ ಕೇಳಿದರು. ಕಾರ್ಕಳದ ರಸ್ತೆಯಲ್ಲಿ ಅವರ ಗೆಳೆಯರು ತಮ್ಮ ತಮ್ಮ ಕಾರು ತಂದು ಕಾಯುತ್ತಿದ್ದರಂತೆ. ಆಗಲೇ ತಡವಾಗಿತ್ತು.

ಅವರು ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ. ಪಡುಬಿದ್ರಿ ಕಡೆಗೆ ತಿರುಗುವ ಮೊದಲೇ ಗೆಳೆಯರ ಫೋನ್ ಎರಡು ಸಲ ಬಂತು. ಯಜಮಾನರ ಕಾಲು ಒತ್ತತೊಡಗಿತು.

"ಸರ್, ಐವತ್ತೈದು ಆಯಿತಷ್ಟೆ," ಎಂದೆ.

"ಗಾಡಿ ಯಾರದ್ದು?" ಎಂದು ತುಳಿದರು.

ಬೀಪ್. ಬೀಪ್. ಬೀಪ್.

ಯಜಮಾನರು ತಕ್ಷಣ ಕಾಲು ತೆಗೆದರು. ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. ಇದಕ್ಕೆ ಕಾರಣ ಉಂಟು. ದುಬೈಯಲ್ಲಿ ಮೇಡಂ, ಅಂದರೆ ಅವರ ಹೆಂಡತಿ, ಒಮ್ಮೆ ಅಲ್ಲಿನ ಕಾರಿನ ತಣ್ಣಗಿನ ಎಂಜಿನ್ ತುಳಿದದ್ದಕ್ಕೆ ಇವರು ಒಂದು ವಾರ ಉಪದೇಶ ಮಾಡಿ, ಕೀಯನ್ನೇ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದರಂತೆ. ನನಗೆ ಅದನ್ನು ಅವರು ಗಾಬರಿಯಲ್ಲಿ ಆಗಲೇ ಹೇಳಿದ್ದು. ಹೇಳಿ ಮುಗಿಯುವ ಮೊದಲೇ ನನ್ನ ಮೊಬೈಲ್ ಹೊಡೆದುಕೊಂಡಿತು. ಮೇಡಂ.

ಯಜಮಾನರು ಎರಡೂ ಕೈ ಜೋಡಿಸಿ ತಲೆ ಅಲ್ಲಾಡಿಸಿದರು: ನನ್ನ ಹೆಸರು ಹೇಳಬೇಡಿ. ಅವರೇ ತುಳಿದದ್ದು ಎಂದರೆ ಯಜಮಾನರ ಮಾನ ಹೋಗುತ್ತದೆ, ನಾನೇ ತುಳಿದದ್ದು ಎಂದರೆ ನನ್ನ ಕೆಲಸ ಹೋಗುತ್ತದೆ. ಗಡಿಬಿಡಿಯಲ್ಲಿ ಒತ್ತಿದಾಗ ಸ್ಪೀಕರ್ ಬೇರೆ ಆನ್ ಆಯಿತು.

"ಅಣ್ಣ, ಮೆಸೇಜ್ ಬಂತಲ್ಲ! ಯಾರು ತುಳಿದದ್ದು? ನೀವಾ?"

ನಾನು ಯಜಮಾನರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಬಾಯಿಗೆ ಬಂದದ್ದು ಹೊರಗೆ ಬಿತ್ತು.

"ಅಲ್ಲ ಮೇಡಂ. ಒಬ್ಬರು ಹೊಸ ಡ್ರೈವರ್ ಬಂದಿದ್ದಾರೆ. ಟ್ರಯಲ್ ನೋಡ್ತಾ ಇದ್ದೆ."

"ಹೊಸ ಡ್ರೈವರಾ? ಅನುಭವ ಉಂಟಾ ಅವರಿಗೆ?"

"ಗಲ್ಫಿನಲ್ಲಿ ಓಡಿಸಿದ್ದೇನೆ ಅಂತಾರೆ."

"ಗಲ್ಫಿನವರದ್ದು ಬರೀ ಬಾಯಿ, ನಿಮಗೆ ಗೊತ್ತಿಲ್ಲ. ಇಂಥವರ ಕೈಗೆ ಗಾಡಿ ಕೊಡುವುದಾ? ಈಗಲೇ ಇಳಿಸಿ."

ನಾನು ಏನೂ ಹೇಳಬೇಕಾಗಲಿಲ್ಲ. ಯಜಮಾನರು ಬಾಗಿಲು ತೆರೆದು ಇಳಿದರು. ಇಳಿದು ಹೆದ್ದಾರಿಯ ಬದಿಯಲ್ಲಿ ಕೈ ಕಟ್ಟಿಕೊಂಡು ನಿಂತರು.

"ಇಳಿದರಾ?"

"ಇಳಿದರು ಮೇಡಂ."

"ಒಳ್ಳೆಯದಾಯಿತು. ನೋಡಿ ಅಣ್ಣ, ಇವರು ಪಾಪ ಮಲಗಿದ್ದಾರೆ. ಏಳುವ ಮೊದಲು ಆ ಮನುಷ್ಯನನ್ನು ಅಲ್ಲಿಂದ ಕಳಿಸಿಬಿಡಿ. ಇವರಿಗೆ ಗೊತ್ತಾದರೆ ಮೊದಲು ಹೋಗುವುದು ನಿಮ್ಮ ಕೆಲಸ!"

ಕಿಟಕಿಯ ಹೊರಗಿನಿಂದ ಯಜಮಾನರು ಜೋರಾಗಿ ತಲೆ ಅಲ್ಲಾಡಿಸಿ ಸನ್ನೆ ಮಾಡಿದರು: ಇಲ್ಲ, ಇಲ್ಲ, ಕೆಲಸ ಹೋಗುವುದಿಲ್ಲ.