ಪಾರ್ಕಿಂಗ್ ರ‍್ಯಾಂಪಿನಲ್ಲಿ ಹಿಮಪಾತ

ಔಷಧ ಕಾರ್ಖಾನೆಗಳಲ್ಲಿ ಇಪ್ಪತ್ತಾರು ವರ್ಷ ಗುಣಮಟ್ಟ ಪರೀಕ್ಷಿಸಿದ ಮಧುಕರನಿಗೆ ಜಗತ್ತಿನ ಯಾವ ವಸ್ತುವನ್ನಾದರೂ ತಾನು ಆರಿಸಬಲ್ಲೆನೆಂಬ ಧೈರ್ಯವಿತ್ತು. ಹೀಗಾಗಿ, ಊಟದ ಮೇಜಿನಲ್ಲಿ ಹದಿನೈದರ ಮಗಳು ನಿಕಿತಾ ತಾಯಿಯ ಕಡೆ ತಿರುಗಿ, "ಅಮ್ಮಾ, ಐ ನೀಡ್ ನ್ಯೂ ಸ್ಕೀಸ್. ಪಾರ್ಕ್ ಸ್ಕೀಸ್, ಬಟ್ ಪೌಡರಲ್ಲೂ ಓಕೆ ಇರ್ಬೇಕು" ಎಂದಾಗ ಅವನು ಸಾರನ್ನದಿಂದ ತಲೆಯೆತ್ತಿ ಘೋಷಿಸಿಯೇಬಿಟ್ಟ:

"ಪೌಡರ್ ಅಂದ್ಮೇಲೆ ಅದು ನನ್ನ ಡಿಪಾರ್ಟ್‌ಮೆಂಟು! ನೀವಿಬ್ರೂ ಕೈ ಹಾಕ್ಬೇಡಿ."

ಹೆಂಡತಿ ಮೈಥಿಲಿ ಹಪ್ಪಳ ಮುರಿದಳು. "ರೀ, ನೀವು ಹಿಮ ನೋಡಿರೋದು ಫ್ರೀಜರ್‌ನಲ್ಲಿ ಮಾತ್ರ."

"ಮಾತ್ರೆ ತಯಾರಿಸೋನಿಗೆ ಜ್ವರ ಬಂದಿರ್ಲೇಬೇಕಾ?"

ನೈರೋಬಿಯಲ್ಲಿ ಹಿಮವೆಲ್ಲಿಂದ ಬರಬೇಕು? ನಿಕಿತಾಳ ಶಾಲೆಯವರು ಪ್ರತಿ ಡಿಸೆಂಬರಿನಲ್ಲೂ ಮಕ್ಕಳನ್ನು ಯುರೋಪಿನ ಬೆಟ್ಟಗಳಿಗೆ ಕರೆದೊಯ್ಯುತ್ತಿದ್ದರು. ಎರಡು ಸಲ ಹೋಗಿ ಬಂದವಳು ಹಿಮದ ಮೇಲೆ ಜಾರುವುದರಲ್ಲಿ ಪಳಗಿದ್ದಳು. ಅಪ್ಪನೊಡನೆ ಮಾತಾಡುವುದರಲ್ಲಿ ಮಾತ್ರ ಹಿಂದೆ ಬಿದ್ದಿದ್ದಳು. ಒಂದು ವರ್ಷದಿಂದ ಅವಳು ಅಪ್ಪನಿಗೆ ಆಡಿದ್ದು ಮೂರೇ ಮಾತು: "ಓಕೆ", "ಫೈನ್", "ವೈಫೈ". ಸರಿಯಾದ ಸ್ಕೀ ಹಲಗೆ ತಂದುಕೊಟ್ಟರೆ ನಾಲ್ಕನೆಯದೊಂದು ಮಾತು ಹುಟ್ಟೀತೆಂಬ ಆಸೆ ಮಧುಕರನಿಗೆ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಮೂರು ವಾರ ಓದಿದ. ಪಾರ್ಕ್ ಎಂದರೆ ಕಾರು ನಿಲ್ಲಿಸುವ ಜಾಗವೂ ಅಲ್ಲ, ಮುದುಕರು ವಾಕಿಂಗ್ ಮಾಡುವ ಜಾಗವೂ ಅಲ್ಲ. ಹಿಮದ ದಿಬ್ಬಗಳಿಂದ ಹಾರಿ ಲಾಗ ಹೊಡೆಯುವ ಅಂಗಳ. ಹಿಂದುಮುಂದಾಗಿ ಇಳಿದರೂ ನೆಲಕ್ಕೆ ನಾಟಿಕೊಳ್ಳದಂತೆ ಹಲಗೆಯ ಎರಡು ತುದಿಯೂ ಮೇಲಕ್ಕೆ ಬಾಗಿರಬೇಕು. ಪೌಡರ್ ಎಂದರೆ ಆಗಷ್ಟೇ ಬಿದ್ದ ಹುಡಿ ಹಿಮ. ಅದರಲ್ಲಿ ಹೂತುಹೋಗದಿರಲು ಹಲಗೆ ಅಗಲವಾಗಿರಬೇಕು. ಹಲಗೆಯ ನಡುವಿನ ಅಗಲಕ್ಕೆ ಸೊಂಟವೆಂದು ಹೆಸರು. ಪಾರ್ಕಿಗೆ ಸಣ್ಣ ಸೊಂಟ, ಪೌಡರಿಗೆ ದಪ್ಪ ಸೊಂಟ! ವಧು ನೋಡಲು ಹೊರಟವರಿಗೂ ಇಂಥ ಸಂಕಟ ಬಂದಿರಲಾರದು. ಕೊನೆಗೆ ಮಧುಕರ ತೊಂಬತ್ತಾರು ಮಿಲಿಮೀಟರಿಗೆ ರಾಜಿಯಾದ.

ದೇಶ ಬಿಟ್ಟು ಹೊರಟಿದ್ದ ರಾಯಭಾರಿ ಕಚೇರಿಯವನೊಬ್ಬ ಮುಥೈಗಾ ಬಡಾವಣೆಯ ಮನೆಯಲ್ಲಿ ಸಾಮಾನು ಮಾರುತ್ತಿದ್ದ. ಅಲ್ಲಿ ಸಿಕ್ಕಿತು, ತೊಂಬತ್ತಾರಕ್ಕೆ ಸರಿಯಾಗಿ ತೊಂಬತ್ತಾರು! ಪೆಟ್ಟಿಗೆ ಒಡೆಯದ ಹೊಸ ಜೋಡಿ. ಜೊತೆಗೆ ಅವನ ಹಳೆಯ ಬೂಟುಗಳೂ ಪುಕ್ಕಟೆ ಬಂದವು.

ಆದರೆ ಪರೀಕ್ಷೆಯಿಲ್ಲದೆ ಸರಕು ಹೊರಗೆ ಬಿಡುವ ಮನುಷ್ಯನೇ ಮಧುಕರ? ತಾನು ಕೆಲಸ ಮಾಡುವ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಲ್ಲಿ ಮಾತ್ರೆಗೆ ಬೆರೆಸುವ ಜೋಳದ ಸ್ಟಾರ್ಚು ಎರಡು ಮೂಟೆ ಅವಧಿ ಮುಗಿದು ಬಿದ್ದಿತ್ತು. 'ವಿಲೇವಾರಿ' ಎಂದು ತಾನೇ ಸಹಿ ಹಾಕಿ ಕಾರಿಗೇರಿಸಿದ. ಶನಿವಾರ ಬೆಳಿಗ್ಗೆ ನಿಕಿತಾ ಈಜಿಗೆ ಹೋದ ಮೇಲೆ, ವೆಸ್ಟ್‌ಲ್ಯಾಂಡ್ಸಿನ ತಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ಪಾರ್ಕಿಂಗ್ ರ‍್ಯಾಂಪಿನ ಮೇಲೆ ಐವತ್ತು ಕಿಲೋ ಹಿಟ್ಟನ್ನು ಹರಡಿದ. ಬೂಟು ಹಾಕಿ, 'ಟಕ್, ಟಕ್' ಎಂದು ಹಲಗೆಗೆ ಸಿಕ್ಕಿಸಿ, ರ‍್ಯಾಂಪಿನ ನೆತ್ತಿಯ ಮೇಲೆ ನಿಂತ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನು ಹಿಮಾಲಯವನ್ನೇ ಗೆದ್ದಿದ್ದ.

ಮುಂದಿನದು ಅವನ ಕೈಯಲ್ಲಿರಲಿಲ್ಲ. ಕಾಲಲ್ಲಂತೂ ಇರಲೇ ಇಲ್ಲ.

ಹಲಗೆಗಳು ಹೊರಟವು, ಮಧುಕರ ಹಿಂದೆಯೇ ಹೊರಟ. ಅರ್ಧ ದಾರಿಯಲ್ಲಿ ಅವನು ಮುಂದಾದ, ಹಲಗೆಗಳು ಹಿಂದಾದವು. ಕೆಳಗಿನ ಕಂಬದ ಬುಡದಲ್ಲಿ ಎಲ್ಲರೂ ಒಂದಾದರು. ರ‍್ಯಾಂಪಿನಿಂದ ಬಿಳಿ ಮೋಡವೊಂದು ಎದ್ದು ಗೇಟಿನವರೆಗೆ ಹಬ್ಬಿತು. ಕಾವಲುಗಾರ ಒಟಿಯೆನೋ ಅದನ್ನು ಹೊಗೆಯೆಂದು ತಿಳಿದ. "ಮೋಟೋ! ಮೋಟೋ!" ಬೆಂಕಿ, ಬೆಂಕಿ ಎಂದು ಕೂಗುತ್ತ ಅಲಾರಂ ಒತ್ತಿ, ಬೆಂಕಿ ಆರಿಸುವ ಪೈಪೆಳೆದು, ಕರ್ತವ್ಯನಿಷ್ಠೆಯಿಂದ ನೀರು ಬಿಟ್ಟ.

"ಬೇಡ! ನೀರು ಬೇಡ!" ಎಂದು ಮಧುಕರ ಕಿರುಚಿದ. ಗಾಬರಿಯಲ್ಲಿ ಅದು ಕನ್ನಡದಲ್ಲೇ ಬಂತು. ಒಟಿಯೆನೋಗೆ ಕನ್ನಡ ಬರುತ್ತಿರಲಿಲ್ಲ.

ಸ್ಟಾರ್ಚಿಗೆ ನೀರು ಸೇರಿದರೆ ಏನಾಗುತ್ತದೆಂದು ಆ ಕಟ್ಟಡದಲ್ಲಿ ಮಧುಕರನಷ್ಟು ಬಲ್ಲವರು ಇನ್ನಾರೂ ಇರಲಿಲ್ಲ. ಗುದ್ದಿದರೆ ಕಲ್ಲು, ಸುಮ್ಮನೆ ಬಿಟ್ಟರೆ ಗೋಂದು! ಐದು ನಿಮಿಷದಲ್ಲಿ ಇಡೀ ಕಟ್ಟಡ ಅಂಗಳಕ್ಕಿಳಿದಿತ್ತು. ಯಾರೋ ಟವೆಲ್ಲಿನಲ್ಲಿ, ಮೈಥಿಲಿ ದೋಸೆ ಮಗುಚುವ ಸಟ್ಟುಗದೊಂದಿಗೆ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ದ್ವಾರಕಾನಾಥರು ಕಾರನ್ನಾದರೂ ಉಳಿಸಿಕೊಳ್ಳೋಣವೆಂದು ರ‍್ಯಾಂಪ್ ಹತ್ತಿಸಲು ಹೋದರು. ಕಾರು ಮಧ್ಯಕ್ಕೆ ಬಂದು ಗೋಂದಿಗೆ ಬಿದ್ದ ನೊಣದಂತೆ ಅಂಟಿಕೊಂಡಿತು. ಅದರ ಹಿಂದೆ ಮೂವತ್ತೆಂಟು ಕಾರುಗಳು ಸೆರೆಯಾದವು.

"ಮಧುಕರ್ ಅವ್ರೇ," ಕಿಟಕಿಯಿಂದ ತಲೆ ಹಾಕಿ ಅಧ್ಯಕ್ಷರು ಕೇಳಿದರು, "ಇದೇನ್ರೀ ಇದು?"

"ಪೌಡರ್ ಪರೀಕ್ಷೆ, ಸಾರ್."

"ಪಾಸಾ?"

ಮಧುಕರ ಏಳಲು ನೋಡಿದ. ಬೂಟು ಹಲಗೆಯನ್ನು ಬಿಡಲಿಲ್ಲ, ಹಲಗೆ ನೆಲವನ್ನು ಬಿಡಲಿಲ್ಲ. ಐದು ಜನ ಸೊಂಟ ಹಿಡಿದೆಳೆದರು. ಅವನು ಉದ್ದವಾದನೇ ಹೊರತು ಬಿಡುಗಡೆಯಾಗಲಿಲ್ಲ.

"ಪೋಲೆ ಸಾನಾ, ಬಾಸ್," ಎಂದು ಒಟಿಯೆನೋ ಪೈಪು ಹಿಡಿದೇ ಮರುಗಿದ.

"ಅವನ್ಯಾಕೆ ಸಾರಿ ಕೇಳ್ಬೇಕು?" ಎಂದಳು ಮೈಥಿಲಿ. "ನಾನು ಕೇಳ್ಕೋಬೇಕು, ನಮ್ಮಪ್ಪನ್ನ. ಎಂಥಾ ಗಂಡು ಹುಡುಕಿದ್ರಿ ಅಂತ!"

ಆಗಲೇ ಗೇಟಿನಲ್ಲಿ ಕಾರೊಂದು ನಿಂತು ನಿಕಿತಾ ಇಳಿದಳು. ಒಬ್ಬಳೇ ಅಲ್ಲ, ಇಬ್ಬರು ಗೆಳತಿಯರೊಂದಿಗೆ. ಮಧುಕರ ಅವಳನ್ನು ನೋಡಿದ. ಮುಗಿಯಿತು. ಇನ್ನು ಆ ಮೂರು ಮಾತೂ ಇಲ್ಲ. ಭೂಮಿ ಬಾಯಿ ಬಿಡಲೆಂದು ಬೇಡಿಕೊಂಡ; ಅದರ ಬಾಯಿಯೂ ಅಂಟಿಕೊಂಡಿತ್ತು. ಹುಬ್ಬಿನವರೆಗೂ ಹಿಟ್ಟು ಮೆತ್ತಿದ ಮುಖವನ್ನು ಕಂಬದತ್ತ ತಿರುಗಿಸಿ ಕಣ್ಣು ಮುಚ್ಚಿಕೊಂಡ.

ಪಚಪಚನೆ ಹೆಜ್ಜೆ ಸದ್ದಾಯಿತು. ನಿಕಿತಾ ಬಂದು ಕುಕ್ಕುರುಗಾಲಲ್ಲಿ ಕೂತು, ಹಿಮ್ಮಡಿಯ ಹಿಂದಿದ್ದ ಸಣ್ಣ ಸನ್ನೆಕೋಲೊಂದನ್ನು ಅಂಗೈಯಿಂದ ಒತ್ತಿದಳು. ಟಕ್! ಇನ್ನೊಂದು. ಟಕ್! ಎರಡೂ ಬೂಟು ಹಲಗೆಯಿಂದ ಕಳಚಿಕೊಂಡವು. ಐವರು ಗಂಡಸರು ಸುಮ್ಮನೆ ಬೇರೆಬೇರೆ ದಿಕ್ಕು ನೋಡಿದರು.

ಸಂಜೆವರೆಗೆ ಮಧುಕರ ಬಕೆಟ್ಟು, ಪೊರಕೆ ಹಿಡಿದು ರ‍್ಯಾಂಪು ತೊಳೆದ. ಮೂವತ್ತೆಂಟು ಮನೆಯವರು ಮೂವತ್ತೆಂಟು ಸಲಹೆ ಕೊಟ್ಟರು. ಕೊನೆಯ ಕಾರು ಹೊರಬಿದ್ದ ಮೇಲೆ ಸೊಂಟ ಹಿಡಿದುಕೊಂಡು ಮನೆಗೆ ಬಂದರೆ, ನಿಕಿತಾ ಹಲಗೆಗಳನ್ನು ತೊಳೆದು, ಒರೆಸಿ, ಅಳತೆಪಟ್ಟಿ ಹಿಡಿದು ಕೂತಿದ್ದಳು. ತುದಿ ಬಗ್ಗಿಸಿ ನೋಡಿದಳು. ಸೊಂಟ ಅಳೆದಳು.

"ಅಪ್ಪಾ, ದೀಸ್ ಆರ್ ರಿಯಲಿ ಗುಡ್. ಇದನ್ನ ನೀವೇ ಹುಡುಕಿದ್ರಾ?"

ಮಧುಕರ ಹೌದೆಂದು ತಲೆಯಾಡಿಸಿದ.

ನಿಕಿತಾ ಹಲಗೆಯನ್ನೆತ್ತಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅದು ಅವಳ ತಲೆ ದಾಟಿ, ಇನ್ನೂ ಒಂದು ಗೇಣು ಮೇಲೆ ಹೋಗಿ ನಿಂತಿತು. ಸೊಂಟ, ತುದಿ, ಬಾಗು ಎಲ್ಲ ಮಿಲಿಮೀಟರಿನಲ್ಲಿ ಅಳೆದ ಮಹಾನುಭಾವ, ಮಗಳ ಎತ್ತರವನ್ನು ಮರೆತಿದ್ದ!

"ಇದು ನನ್ ಸೈಜ್ ಅಲ್ಲಪ್ಪಾ," ಎಂದಳು ನಿಕಿತಾ, ತನಗೆ ಅಪರೂಪವಾದ ಕನ್ನಡದಲ್ಲಿ, ನಿಧಾನವಾಗಿ. "ನಿಮ್ ಸೈಜು. ನಾನು ಅಲ್ಲೇ ಬಾಡಿಗೆಗೆ ತಗೋತೀನಿ. ಇದು ವೇಸ್ಟ್ ಆಗ್ಬಾರ್ದು. ಟ್ರಿಪ್ಪಿಗೆ ಒಬ್ರು ಪೇರೆಂಟ್ ಬೇಕಂತೆ. ನಿಮ್ ಹೆಸ್ರು ಕಳ್ಸಿದೀನಿ. ಟೀಚರ್ ಓಕೆ ಅಂದ್ರು."

ಅಡುಗೆಮನೆಯಿಂದ ಮೈಥಿಲಿಯ ನಗು ಕೇಳಿಸಿತು. ಮಧುಕರ ಸೊಂಟ ನೀವಿಕೊಂಡ. ಬೇಡವೆನ್ನಲು ಬಾಯಿ ತೆರೆದ. ಮಗಳ ಮುಖ ನೋಡಿದ. ಬಾಯಿ ಮುಚ್ಚಿದ. ಆಮೇಲೆ ಮೆಲ್ಲಗೆ ಕೇಳಿದ:

"ಪುಟ್ಟಾ, ಅಲ್ಲಿನ ರ‍್ಯಾಂಪು ಎಷ್ಟುದ್ದ ಇರುತ್ತೆ?"

"ಅದನ್ನ ಬೆಟ್ಟ ಅಂತಾರೆ, ಅಪ್ಪಾ!"