ಉಸಿರಾಡಿದ ಡಬ್ಬಿ

ಬಾಟ್ಲಿ, ಡಬ್ಬಿಗಳ ಬಾಯಿಗೆ ಸೀಲ್ ಹಾಕೋದು ನನ್ನ ಧಂದೆ. ಮುಚ್ಚಳದೊಳಗ ಒಂದು ಬಿಲ್ಲೆ ಇರತೈತಲ್ಲ, ಅದು ಪದರು ಪದರು: ರಟ್ಟು, ಮೇಣ, ಅಲ್ಯೂಮಿನಿಯಂ ಹಾಳಿ, ತೆಳ್ಳನ ಪ್ಲಾಸ್ಟಿಕ್. ಮ್ಯಾಲ ಮಷೀನ್ ಹಿಡಿದ್ರ ಬೆಂಕಿ ಇಲ್ಲ, ಹೊಗಿ ಇಲ್ಲ, ಹಾಳಿ ಕಾದು ಬಾಟ್ಲಿ ಬಾಯಿಗೆ ಕಚ್ಚಿಕೊಂಡುಬಿಡತೈತಿ. ಕಣ್ಣಿಗೆ ಕಾಣಲಾರದ ಕೆಲಸ ನೋಡ್ರಿ, ಅದಕ್ಕ ನಾ ಹೋದಲ್ಲೆಲ್ಲ ಜನಕ್ಕ ದೆವ್ವ ಕಾಣತೈತಿ.

೧. ಸಿಂಧನೂರಿನ ಉಂಗುರ

ಎಣ್ಣಿ ಗಾಣದ ಸಾವ್ಕಾರ್ರು ಮಷೀನ್ ನೋಡಾಕ ಬಂದು, ತೀರಿಹೋದ ಮಾವ ಎಂಥಾ ಜುಗ್ಗ ಇದ್ದ ಅಂತ ಹೇಳಾಕತ್ತಿದ್ರು. ಮಾತಿನ ಭರದಾಗ ಕೈ ಮಷೀನ್ ಕೆಳಗ ಹೋತು. ಮದಿವ್ಯಾಗ ಅದೇ ಮಾವ ಹಾಕಿದ್ದ ಉಂಗುರ ಕಾದು ಬೆರಳು ಕೆಂಪಗಾತು. ಲೋಹ ಯಾವುದಿದ್ರೂ ಕಾಯತೈತ್ರೀ ಅಂತ ಬಿಡಿಸಿ ಹೇಳಿದೆ, ನಂಬಲಿಲ್ಲ. ಈಗ ಮಾವನ್ನ ಬೈಯಬೇಕಾದ್ರ ಮೊದಲು ಉಂಗುರ ಕಳದು ಕಿಸೆದಾಗ ಇಡತಾರ.

೨. ಲಿಂಗಸುಗೂರಿನ ಜೇನು

ಅಲ್ಲಿ ಒಬ್ಬ ಚಾಚಿ ಜೇನಿನ ಬಾಟ್ಲಿ ಮುಚ್ಚಳ ತಗದು ತಲಿಕೆಳಗ ಹಿಡಿದ್ರ ಒಂದು ಹನಿ ಬೀಳವಲ್ದು. ಸೀಲ್ ಹರೀಲಾರದ ಹಿಡಿದ್ರ ಹೆಂಗ ಬೀಳತೈತಿ? ಯಾರೋ ಕಟ್ಟು ಹಾಕ್ಯಾರ ಅಂತ ಬಾಟ್ಲಿ ಕೊಳ್ಳಿಗೆ ತಾಯತ ಕಟ್ಟಿಸಿದ್ರು. ನಾ ಹೋಗಿ ಉಗುರಿನಿಂದ ಹಾಳಿ ಹರಿದೆ. ಜೇನು ಬಂತು, ಹೆಸರು ಮಾತ್ರ ತಾಯತಕ್ಕ ಹೋತು.

೩. ಮಸ್ಕಿಯ ಉಪ್ಪಿನಕಾಯಿ

ಮಸ್ಕ್ಯಾಗ ಉಪ್ಪಿನಕಾಯಿ ಮಾರೋ ಅಮ್ಮಾರು ಒಬ್ರಿದ್ರು. ಎರಡು ಡಬ್ಬಿ ಮನಿಗೆ ಇರಲಿ ಅಂತ ನನ್ನ ಕಡೆ ಸೀಲ್ ಹಾಕಿಸಿ ಗ್ವಾಡಿ ಮಾಡದಾಗ ಇಟ್ರು. ಆಮ್ಯಾಲ ಸ್ವಲ್ಪ ದಿನಕ್ಕ ತೀರಿಕೊಂಡ್ರು.

ಕರ್ಮ ಮುಗಿದ ಮ್ಯಾಲ ಊಟಕ್ಕಂತ ಮುಚ್ಚಳ ತಗದು ನೋಡ್ತಾರ, ಎರಡೂ ಸೀಲು ಉಬ್ಬ್ಯಾವ. ಮಧ್ಯಾಹ್ನದ ಕಾವಿಗೆ ಏರತಾವ, ಮುಂಜಾನಿ ತಂಪಿಗೆ ಇಳೀತಾವ, ಥೇಟ್ ಮಲಗಿದವರ ಎದಿ ಹಂಗ. ಸೊಸಿ ಅಡಿಗಿಮನಿ ಹೊಕ್ಕೋದು ಬಿಟ್ಟಳು. ಅಮ್ಮಾರ ಯಜಮಾನ್ರು ಡಬ್ಬಿ ಮುಂದಿಂದ ಏಳೋದು ಬಿಟ್ರು. ಹೆದರಿದ ಸೊಸಿ ನನಗ ಫೋನ್ ಮಾಡಿ ಕರೆಸಿದ್ಲು.

ಸೀಲ್ ತಗಿಯೂನ್ರೀ ಅಂದೆ.

"ತಗದ್ರ ಆಕಿ ಹೋಗಿಬಿಟ್ರ?" ಅಂದ್ರು ಯಜಮಾನ್ರು.

ಉಪ್ಪು ಕಡಿಮಿ ಬಿದ್ರ ಕಾಯಿ ಹುಳಿತು ಒಳಗ ಗಾಳಿ ತುಂಬತೈತ್ರೀ, ಅಮ್ಮಾರಲ್ಲ ಅಂತ ಮೆಲ್ಲಕ ತಿಳಿಸಿ, ಒಂದು ಸೀಲಿಗೆ ಸೂಜಿ ಚುಚ್ಚಿದೆ. ಉಸ್ಸ್ ಅಂತು. ಯಜಮಾನ್ರು ಕಣ್ಣು ಒರಸಿಕೊಂಡು ನನ್ನ ಕಡೆ ತಿರುಗಿದ್ರು. "ಉಪ್ಪು ಕಡಿಮಿ ಅಂತ ಮದಿವ್ಯಾದಾಗಿಂದ ಬಡಕೊಂಡೆ, ಒಂದು ದಿನ ಒಪ್ಪಿದ್ಲೇನು?"

ಅಂದದ್ದೇ ತಡ, ಯಾರೂ ಮುಟ್ಟಲಾರದ ಎರಡನೇ ಡಬ್ಬಿ ಸೀಲು ಟಪ್ ಅಂತ ಹರೀತು. ಸೊಸಿ ನನ್ನ ಹಿಂದ, ನಾ ಬಾಗಲದ ಹಿಂದ.

ಯಜಮಾನ್ರು ತಲಿ ಮ್ಯಾಲಿನ ಟಾವೆಲ್ ತಗದು, ಡಬ್ಬಿಗೆ ಕೈ ಮುಗಿದು ಅಂದ್ರು: "ಇಲ್ಲ ನಮ್ಮವ್ವ, ಉಪ್ಪು ಸರಿ ಐತಿ."